ಹಳೇ ಲಾರಿಯ ಏರ್ ಬ್ರೇಕ್: ಟ್ಯಾಂಕಿನಿಂದ ಡ್ರಮ್‌ವರೆಗೆ ಅಳೆದು, ಬಿಚ್ಚಿ, ಕಟ್ಟುವ ಕ್ರಮ

ಏರ್ ಬ್ರೇಕ್ ಗಾಡಿಯಲ್ಲಿ ಪೆಡಲನ್ನು ನಂಬಬೇಡಿ. ಕಾರಿನ ಆಯಿಲ್ ಬ್ರೇಕ್‌ನಲ್ಲಿ ಎಲ್ಲೋ ಸೋರಿದರೆ, ಅಡ್ಜಸ್ಟ್ ತಪ್ಪಿದರೆ ಪೆಡಲ್ ಕೆಳಗಿಳಿಯುತ್ತದೆ, ಕಾಲಿಗೆ ಸುದ್ದಿ ಸಿಗುತ್ತದೆ. ಲಾರಿಯಲ್ಲಿ ಹಾಗಲ್ಲ. ಅಲ್ಲಿ ಕಾಲಿಗೆ ಸಿಗುವ ಬಿಗಿ ಫುಟ್ ವಾಲ್ವ್‌ ಒಳಗಿನ ಸ್ಪ್ರಿಂಗ್‌ನದು, ಗಾಳಿಯದು. ಹಿಂದಿನ ಎಡಚಕ್ರದ ಲೈನಿಂಗ್ (ಡ್ರಮ್‌ಗೆ ಉಜ್ಜಿ ಚಕ್ರ ನಿಲ್ಲಿಸುವ ಪದರ) ಸವೆದು ರಿವೆಟ್‌ಗೆ ಬಂದಿದ್ದರೂ ಪೆಡಲ್ ನಿನ್ನೆ ಇದ್ದ ಹಾಗೇ ಇರುತ್ತದೆ. ಖಾಲಿ ಗಾಡಿ ಪೀಣ್ಯದಿಂದ ಗೊರಗುಂಟೆಪಾಳ್ಯದವರೆಗೆ ಎಲ್ಲ ಸಿಗ್ನಲ್‌ನಲ್ಲೂ ಸರಿಯಾಗಿಯೇ ನಿಲ್ಲುತ್ತದೆ. ಅದೇ ಗಾಡಿ ಲೋಡ್ ಹೊತ್ತು ಶಿರಾಡಿ ಇಳಿಯುವಾಗ ನಿಲ್ಲುವುದಿಲ್ಲ. ಆಮೇಲೆ ಎಲ್ಲರೂ ‘ಬ್ರೇಕ್ ಫೇಲ್’ ಎನ್ನುತ್ತಾರೆ. ಆ ಬ್ರೇಕ್ ತಿಂಗಳುಗಟ್ಟಲೆ ಮಿಲಿಮೀಟರ್ ಲೆಕ್ಕದಲ್ಲಿ ಹೋಗುತ್ತಲೇ ಇತ್ತು, ಯಾರೂ ಅಳೆದಿರಲಿಲ್ಲ ಅಷ್ಟೆ. ಹಾಗಾಗಿ ಈ ಕೆಲಸಕ್ಕೆ ಮೊದಲು ಬೇಕಾದ ಸಾಮಾನು 300 ಮಿ.ಮೀ.ನ ಒಂದು ಸ್ಟೀಲ್ ಸ್ಕೇಲ್.

ಇಲ್ಲಿ ಹೇಳುವುದು ಪೂರ್ತಿ ಏರ್ ಬ್ರೇಕ್, ಎಸ್-ಕ್ಯಾಮ್ (ತಿರುಗಿದಾಗ ಲೈನಿಂಗ್ ಹೊತ್ತ ಶೂಗಳನ್ನು ಡ್ರಮ್ ಕಡೆಗೆ ತಳ್ಳುವ S ಆಕಾರದ ತುಂಡು), ಕೈಯಲ್ಲಿ ತಿರುಗಿಸುವ ಸ್ಲಾಕ್ ಅಡ್ಜಸ್ಟರ್ (ಲೈನಿಂಗ್ ಸವೆದಂತೆ ಸಡಿಲ ತೆಗೆಯುವ ತೋಳು) ಇರುವ ಗಾಡಿಗಳ ಬಗ್ಗೆ. ಟಾಟಾ, ಅಶೋಕ್ ಲೇಲ್ಯಾಂಡ್‌ನ ಹಳೇ 16 ಟನ್, 25 ಟನ್ ಲಾರಿಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಇನ್ನೂ ಹಳೆಯ ಕೆಲವು ಗಾಡಿಗಳಲ್ಲಿ ಗಾಳಿ ಆಯಿಲನ್ನು ಒತ್ತಿ, ಆಯಿಲ್ ಶೂವನ್ನು ತಳ್ಳುತ್ತದೆ. ಅಂಥ ಗಾಡಿಗೆ ಟ್ಯಾಂಕ್, ಕಂಪ್ರೆಸರ್ ಭಾಗ ಹೊಂದುತ್ತದೆ, ಚಕ್ರದ ಭಾಗ ಹೊಂದುವುದಿಲ್ಲ. ಕೆಳಗಿನ ಅಂಕಿಗಳು ಸಾಮಾನ್ಯ ಮಟ್ಟದವು. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ಬೇರೆ ಹೇಳಿದರೆ ಪುಸ್ತಕದ್ದೇ ಸರಿ.

ಗಾಡಿ ನಿಲ್ಲಿಸುವುದು, ಸಾಮಾನು ಹೊಂದಿಸುವುದು

ಹಗಲು ಹೊತ್ತು ಬೆಂಗಳೂರು ನಗರದೊಳಗೆ ಭಾರಿ ಗಾಡಿಗಳಿಗೆ ನಿರ್ಬಂಧ ಇರುವುದರಿಂದ ಯಶವಂತಪುರದ ಟ್ರಕ್ ಟರ್ಮಿನಲ್‌ನಲ್ಲೋ ನೆಲಮಂಗಲದ ಕಡೆಯೋ ಲಾರಿಗಳು ಗಂಟೆಗಟ್ಟಲೆ ನಿಂತಿರುತ್ತವೆ. ಟ್ಯಾಂಕ್ ನೋಡುವುದು, ಸ್ಟ್ರೋಕ್ (ಪೆಡಲ್ ಒತ್ತಿದಾಗ ಚಕ್ರದ ಹತ್ತಿರದ ಗಾಳಿ ಚೇಂಬರ್‌ನಿಂದ ಪುಶ್‌ರಾಡ್ ಹೊರಬರುವ ದೂರ) ಅಳೆಯುವುದು, ಸ್ಲಾಕ್ ಎತ್ತುವುದು (ಅಡ್ಜಸ್ಟರ್ ಬಿಗಿಸುವುದು) ಅಷ್ಟು ಹೊತ್ತಿನಲ್ಲಿ ಆರಾಮಾಗಿ ಮುಗಿಯುತ್ತದೆ. ಡ್ರಮ್ ಬಿಚ್ಚುವುದಾದರೆ ಮಾತ್ರ ಒಂದು ದಿನ ಎತ್ತಿಡಿ.

ನೆಲ ಸಮತಟ್ಟಾಗಿರಬೇಕು, ಗಟ್ಟಿ ಇರಬೇಕು. ಮಣ್ಣಿನ ನೆಲವಾದರೆ ಜಾಕಿ ಕೆಳಗೆ ದಪ್ಪ ಹಲಗೆ ಹಾಕಿ. ಬ್ರೇಕ್ ಕೆಲಸದಲ್ಲಿ ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕಾಗುತ್ತದೆ. ಅಂದರೆ ಗಾಡಿಯನ್ನು ಹಿಡಿದಿರುವುದು ಚಕ್ರಕ್ಕೆ ಕೊಟ್ಟ ಮರದ ಅಡ್ಡೆ ಮಾತ್ರ. ಕಲ್ಲು ಕೊಟ್ಟರೆ ಜಾರುತ್ತದೆ. ಎರಡು ಚಕ್ರಕ್ಕೆ, ಹಿಂದೆ ಮುಂದೆ ಎರಡೂ ಕಡೆ ಮರದ ಅಡ್ಡೆ ಕೊಡಿ. ಜಾಕಿಯೊಂದನ್ನೇ ನಂಬಿ ಗಾಡಿ ಕೆಳಗೆ ಹೋಗಬೇಡಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೂರಿಸಿ.

ಸ್ಕೇಲ್, ಸೀಮೆಸುಣ್ಣ, ಬಾಟಲಿಯಲ್ಲಿ ಸೋಪಿನ ನೀರು, ರಿಂಗ್ ಸ್ಪ್ಯಾನರ್ ಸೆಟ್, ಫೀಲರ್ ಗೇಜ್, ಗ್ರೀಸ್ ಗನ್, ವೀಲ್ ಸ್ಪ್ಯಾನರ್, ಪೆಡಲ್ ಒತ್ತಲು ಇನ್ನೊಬ್ಬ ಆಳು. ಇಷ್ಟಿದ್ದರೆ ಸಾಕು.

ಟ್ಯಾಂಕಿನಿಂದ ಬರುವುದೇನು ನೋಡಿ

ಕಂಪ್ರೆಸರ್‌ಗೆ ಹತ್ತಿರದ ಟ್ಯಾಂಕಿನ ಡ್ರೈನ್ ಕಾಕ್ ಮೊದಲು ತೆರೆಯಿರಿ. ನೀರು ಮೊದಲು ಕೂರುವುದು ಅಲ್ಲೇ. ಹಿಂದಿನ ಟ್ಯಾಂಕ್ ಮೊದಲು ಬಿಟ್ಟರೆ ಮುಂದಿನದರ ನೀರು ಅದರೊಳಕ್ಕೆ ಸರಿಯಬಹುದು. ಕಾಕ್ ಕೆಳಗೆ ಬಿಳಿ ಡಬ್ಬಿಯೊಂದನ್ನು ಹಿಡಿಯಿರಿ.

ಬರೀ ನೀರು, ಅದೂ ಒಂದೆರಡು ಚಮಚ ಬಂದರೆ ಸಹಜ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇನ್ನೂ ಹೆಚ್ಚು ಬರುತ್ತದೆ. ಆ ತಿಂಗಳುಗಳಲ್ಲಿ ದಿನಾ ಬಿಡಲೇಬೇಕು. ಹಾಲು ಜಾಸ್ತಿಯಾದ ಕಾಫಿಯಂಥ ಬಣ್ಣದ ದ್ರವ ಬಂದರೆ ನೀರಿನ ಜೊತೆ ಎಂಜಿನ್ ಆಯಿಲ್ ಸೇರಿದೆ ಎಂದರ್ಥ, ಕಂಪ್ರೆಸರ್ ಆಯಿಲ್ ದಾಟಿಸುತ್ತಿದೆ. ಈ ಆಯಿಲ್ ಮುಂದೆ ಹೋಗಿ ವಾಲ್ವ್‌ಗಳ ರಬ್ಬರನ್ನು ಊದಿಸುತ್ತದೆ. ರಿಲೇ ವಾಲ್ವ್ (ಹಿಂದಿನ ಚಕ್ರಗಳಿಗೆ ಗಾಳಿ ಬೇಗ ಕಳಿಸುವ ವಾಲ್ವ್) ಅಂಟಿಕೊಳ್ಳುವುದು, ಬ್ರೇಕ್ ತಡವಾಗಿ ಬಿಡುವುದು ಶುರುವಾಗುವುದು ಹೀಗೆ. ವಾಲ್ವ್ ಬದಲಿಸಿ ಬದಲಿಸಿ ದುಡ್ಡು ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಈ ಡಬ್ಬಿ ಹಿಡಿದು ನೋಡಿರುವುದಿಲ್ಲ.

ಆಯಿಲ್ ಬಂತೆಂದು ಕಂಪ್ರೆಸರ್ ರಿಂಗನ್ನೇ ದೂರುವ ಮುಂಚೆ ಎರಡು ಕಡೆ ನೋಡಿ. ಒಂದು, ಗಾಳಿ ಎಳೆಯುವ ದಾರಿ. ಫಿಲ್ಟರ್ ಕಟ್ಟಿದ್ದರೆ ಸಿಲಿಂಡರ್‌ನಲ್ಲಿ ನಿರ್ವಾತ ಹೆಚ್ಚಾಗಿ ಕೆಳಗಿನ ಆಯಿಲನ್ನು ಮೇಲಕ್ಕೆ ಎಳೆಯುತ್ತದೆ. ಎರಡು, ಕಂಪ್ರೆಸರ್‌ನಿಂದ ಎಂಜಿನ್‌ಗೆ ಆಯಿಲ್ ವಾಪಸು ಇಳಿಯುವ ದಾರಿ. ಅಲ್ಲಿ ಕೊಳೆ ಅಥವಾ ಹೆಚ್ಚಾಗಿ ಹಚ್ಚಿದ ಗ್ಯಾಸ್ಕೆಟ್ ಶೆಲ್ಲಾಕ್ ಕಟ್ಟಿದ್ದರೆ ಆಯಿಲ್ ಇಳಿಯದೆ ಮೇಲೇರುತ್ತದೆ. ಇವೆರಡೂ ಸರಿಯಿದ್ದರೆ ಆಮೇಲೆ ರಿಂಗ್, ಬೋರ್.

ಕಂಪ್ರೆಸರ್‌ನಿಂದ ಟ್ಯಾಂಕಿಗೆ ಹೋಗುವ ಡೆಲಿವರಿ ಪೈಪನ್ನು ಕಂಪ್ರೆಸರ್ ತುದಿಯಲ್ಲಿ ಬಿಚ್ಚಿ ಬೆರಳಿಟ್ಟು ನೋಡಿ. ಒಳಗೆ ಗಟ್ಟಿ ಕಾರ್ಬನ್ ಪದರ ಸಿಕ್ಕರೆ ಪೈಪ್ ಬದಲಿಸುವುದೇ ಮೇಲು. ಕಂಬಿ ಹಾಕಿ ಕೆರೆದರೆ ಆ ಪುಡಿ ಮುಂದೆ ವಾಲ್ವ್‌ಗೆ ಹೋಗುತ್ತದೆ. ಪೈಪ್ ಕಿರಿದಾದಷ್ಟೂ ಕಂಪ್ರೆಸರ್ ಹೆಡ್ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಆಯಿಲ್ ಸುಟ್ಟು ಕಾರ್ಬನ್ ಕಟ್ಟುತ್ತದೆ. ಹೊಸ ಪೈಪ್ ಟ್ಯಾಂಕಿನ ಕಡೆಗೆ ಇಳಿಜಾರಾಗಿ ಹೋಗಬೇಕು, ನಡುವೆ ಜೋತುಬಿದ್ದು ನೀರು ನಿಲ್ಲುವ ಗುಂಡಿ ಇರಬಾರದು.

ಗೇಜ್ ಹೇಳುವುದು

ಡ್ರೈವರ್‌ಗಳು ‘ಎಂಟು ಕೆಜಿ ಏರ್’ ಎನ್ನುವುದು ಚದರ ಸೆಂಟಿಮೀಟರ್‌ಗೆ ಕೆಜಿ ಲೆಕ್ಕ. ಬಾರ್‌ಗೂ ಅದಕ್ಕೂ ಶೇ. 2ರಷ್ಟು ಮಾತ್ರ ವ್ಯತ್ಯಾಸ, ಈ ಕೆಲಸಕ್ಕೆ ಎರಡೂ ಒಂದೇ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಎಂಜಿನ್ ಹಚ್ಚಿ. ಗಾಳಿ ಏರುತ್ತಾ ಹೋದಂತೆ ನೋಡಬೇಕಾದವು ಮೂರು. ಕಡಿಮೆ ಗಾಳಿಯ ಬಜರ್ ಅಥವಾ ದೀಪ ಸಾಮಾನ್ಯವಾಗಿ 4.5ರಿಂದ 5ರ ಆಸುಪಾಸಿನಲ್ಲಿ ಆರಬೇಕು. ಹಳೇ ಗಾಡಿಗಳಲ್ಲಿ ಬಜರ್‌ನ ವೈರ್ ಕಿತ್ತಿಟ್ಟಿರುವುದೇ ಹೆಚ್ಚು. ಅದನ್ನು ಮೊದಲು ಜೋಡಿಸಿ, ಮಿಕ್ಕಿದ್ದೆಲ್ಲ ಆಮೇಲೆ. ಎಂಜಿನ್ ಜೋರಾಗಿ ತಿರುಗುವಾಗ 6ರಿಂದ 7ಕ್ಕೆ ಏರಲು ಸುಮಾರು ಮುಕ್ಕಾಲು ನಿಮಿಷ ಸಾಕು. ಅದಕ್ಕಿಂತ ಬಹಳ ಹೊತ್ತು ಹಿಡಿದರೆ ಕಂಪ್ರೆಸರ್ ಬಳಲಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. (ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಶೇ. 10ರಷ್ಟು ತೆಳು, ಹಾಗಾಗಿ ಮಂಗಳೂರಿನಲ್ಲಿ ತುಂಬುವಷ್ಟು ಬೇಗ ಇಲ್ಲಿ ತುಂಬುವುದಿಲ್ಲ. ಗಾಡಿಯ ತಪ್ಪಲ್ಲ ಅದು.) ಕೊನೆಯದಾಗಿ 7.5ರಿಂದ 8ರ ನಡುವೆ ಅನ್‌ಲೋಡರ್ (ಟ್ಯಾಂಕ್ ತುಂಬಿದ ಮೇಲೆ ಹೆಚ್ಚಿನ ಗಾಳಿ ಹೊರಬಿಡುವ ವಾಲ್ವ್) ‘ಟಸ್’ ಎಂದು ಬಿಟ್ಟು ಮುಳ್ಳು ನಿಲ್ಲಬೇಕು. ನಿಲ್ಲದೆ 9 ದಾಟಿ ಸೇಫ್ಟಿ ವಾಲ್ವ್ ಹಾರುತ್ತಿದ್ದರೆ ಅನ್‌ಲೋಡರ್ ಬಿಚ್ಚಿ ತೊಳೆದು ಕಿಟ್ ಹಾಕಬೇಕು. ಸೇಫ್ಟಿ ವಾಲ್ವ್‌ಗೆ ಬೋಲ್ಟ್ ಹೊಡೆದು ಮುಚ್ಚುವವರೂ ಇದ್ದಾರೆ. ಅಂಥ ಗಾಡಿಯಲ್ಲಿ ಟ್ಯಾಂಕ್ ಸಿಡಿಯುವುದಕ್ಕೆ ಬೇರೆ ಅಡ್ಡಿಯೇ ಉಳಿದಿರುವುದಿಲ್ಲ.

ಇನ್ನು ಸೋರಿಕೆ. ಗಾಳಿ ತುಂಬಿದ ಮೇಲೆ ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಬಿಡಿ, ಮುಳ್ಳು ನಿಂತ ಜಾಗಕ್ಕೆ ಗಾಜಿನ ಮೇಲೆ ಗುರುತು ಹಾಕಿ. ಪೆಡಲ್ ಮುಟ್ಟದೆ ಮೂರು ನಿಮಿಷ ಕಾಯಿರಿ. ಮುಳ್ಳು ಅರ್ಧ ಕೆಜಿಗಿಂತ ಕಡಿಮೆ ಇಳಿದರೆ ಪರವಾಗಿಲ್ಲ. ಆಮೇಲೆ ಪೆಡಲ್ ಪೂರ್ತಿ ಒತ್ತಿ ಹಿಡಿಯಲು ಹೇಳಿ. ಒತ್ತಿದ ಕೂಡಲೇ ಒಂದಿಷ್ಟು ಇಳಿಯುವುದು ಸಹಜ, ಚೇಂಬರ್‌ಗಳು ತುಂಬಿದ್ದು ಅದು. ಅಲ್ಲಿಂದ ಹೊಸ ಗುರುತು ಹಾಕಿ ಮತ್ತೆ ಮೂರು ನಿಮಿಷ. ಈಗ ಇಳಿಕೆ 0.6 ಕೆಜಿಯೊಳಗಿರಬೇಕು.

ಪೆಡಲ್ ಬಿಟ್ಟಾಗ ಸೋರದೆ, ಒತ್ತಿದಾಗ ಮಾತ್ರ ಸೋರಿದರೆ ಫುಟ್ ವಾಲ್ವ್‌ನಿಂದ ಮುಂದೆ, ಅಂದರೆ ಹೋಸ್, ಚೇಂಬರ್ ಡಯಾಫ್ರಮ್, ರಿಲೇ ವಾಲ್ವ್ ಕಡೆ ಹುಡುಕಿ. ಎರಡೂ ಹೊತ್ತಿನಲ್ಲಿ ಸೋರಿದರೆ ಟ್ಯಾಂಕ್, ಪೈಪ್ ಯೂನಿಯನ್, ಪ್ರೊಟೆಕ್ಷನ್ ವಾಲ್ವ್, ಡ್ರೈನ್ ಕಾಕ್ ನೋಡಿ. ಕಿವಿಗೆ ಸಿಗದ ಸೋರಿಕೆಗೆ ಸೋಪಿನ ನೀರು. ಚೇಂಬರ್‌ನ ಕ್ಲ್ಯಾಂಪ್ ಸುತ್ತ ಮತ್ತು ಪುಶ್‌ರಾಡ್ ಹೊರಬರುವ ತೂತಿನ ಹತ್ತಿರ ಚಿಮುಕಿಸಿ. ತೂತಿನಿಂದ ಗುಳ್ಳೆ ಬಂದರೆ ಡಯಾಫ್ರಮ್ ಹರಿದಿದೆ. ಹೋಸ್‌ಗಳನ್ನು ಚಾಸಿಸ್‌ಗೆ ಉಜ್ಜುವ ಜಾಗದಲ್ಲಿ ಬಗ್ಗಿಸಿ ನೋಡಿ. ಮೇಲಿನ ರಬ್ಬರ್ ಸವೆದು ಒಳಗಿನ ನೂಲು ಕಂಡರೆ ಸೋರದಿದ್ದರೂ ಬದಲಿಸಿ.

ಸ್ಟ್ರೋಕ್ ಅಳೆಯುವುದು

ಇಡೀ ಕೆಲಸದಲ್ಲಿ ತಿರುಳು ಇದೇ. ಇದನ್ನು ಸರಿಯಾಗಿ ಮಾಡಿ ಮಿಕ್ಕಿದ್ದನ್ನು ಅರ್ಧಂಬರ್ಧ ಮಾಡಿದರೂ ಗಾಡಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಇದನ್ನು ಬಿಟ್ಟು ಎಲ್ಲ ಹೊಸದು ಹಾಕಿದರೂ ನಂಬುವ ಹಾಗಿಲ್ಲ.

ಚೇಂಬರ್ ಒಳಗಿನ ಡಯಾಫ್ರಮ್ ಗಾಳಿಯ ಒತ್ತಡಕ್ಕೆ ಪುಶ್‌ರಾಡನ್ನು ಹೊರಕ್ಕೆ ತಳ್ಳುತ್ತದೆ. ರಾಡ್ ಸ್ಲಾಕ್ ಅಡ್ಜಸ್ಟರ್‌ನ ತೋಳನ್ನು ತಿರುಗಿಸುತ್ತದೆ, ತೋಳು ಕ್ಯಾಮ್ ಶಾಫ್ಟನ್ನು, ಕ್ಯಾಮ್ ಶೂಗಳನ್ನು. 30ನೇ ಸೈಜಿನ ಚೇಂಬರ್ ಅಂದರೆ ಡಯಾಫ್ರಮ್‌ನ ಕೆಲಸದ ವಿಸ್ತೀರ್ಣ 30 ಚದರ ಇಂಚು, ಸುಮಾರು 193 ಚದರ ಸೆಂ.ಮೀ. 6 ಕೆಜಿ ಗಾಳಿಗೆ ರಾಡ್ ಮೇಲೆ ಬೀಳುವ ಬಲ 1,160 ಕೆಜಿಯ ಹತ್ತಿರ. ಆದರೆ ಈ ಬಲ ಕೊನೆತನಕ ಹಾಗೇ ಇರುವುದಿಲ್ಲ. ರಾಡ್ ಹೊರಗೆ ಬಂದಂತೆ ಡಯಾಫ್ರಮ್ ಅಂಚಿನಲ್ಲಿ ಎಳೆದುಕೊಂಡು ಬಲ ಇಳಿಯತೊಡಗುತ್ತದೆ. ಕೊನೆಯಲ್ಲಿ ತಟ್ಟೆ ಚೇಂಬರ್ ಗೋಡೆಗೆ ಒರಗಿದರೆ ಶೂಗೆ ಏನೂ ಸಿಗುವುದಿಲ್ಲ.

ಇದರ ಮೇಲೆ ಬಿಸಿ. ಎಷ್ಟೋ ಲಾರಿಗಳ ಡ್ರಮ್ 410 ಮಿ.ಮೀ. ಒಳವ್ಯಾಸದ್ದು. ಎರಕದ ಕಬ್ಬಿಣ 300 ಡಿಗ್ರಿ ಹೆಚ್ಚು ಬಿಸಿಯಾದರೆ ಆ ವ್ಯಾಸ 1.3 ಮಿ.ಮೀ.ಗೂ ಹೆಚ್ಚು ಹಿಗ್ಗುತ್ತದೆ. ಎರಡೂ ಶೂ ಸೇರಿ ಅಷ್ಟು ದೂರ ಹೆಚ್ಚಿಗೆ ಹೋಗಬೇಕು. ಕ್ಯಾಮ್ ಚಿಕ್ಕದು, ಸ್ಲಾಕ್‌ನ ತೋಳು ಉದ್ದ. ಹಾಗಾಗಿ ಶೂನಲ್ಲಿ ಮುಕ್ಕಾಲು ಮಿ.ಮೀ. ಕೂಡ ಆಗದ್ದು ಪುಶ್‌ರಾಡ್‌ನಲ್ಲಿ 7–8 ಮಿ.ಮೀ. ಅಥವಾ ಅದಕ್ಕೂ ಹೆಚ್ಚಾಗಿ ಬರುತ್ತದೆ. ನೆಲದ ಮೇಲೆ ತಣ್ಣಗೆ ನಿಂತಾಗ 52 ಮಿ.ಮೀ. ತೋರಿಸಿದ ರಾಡ್ ಘಾಟಿಯ ನಡುವೆ 60 ದಾಟುತ್ತದೆ. ಚೇಂಬರ್‌ನ ಪೂರ್ತಿ ಸ್ಟ್ರೋಕ್ 64. ಅಲ್ಲಿಗೆ ಮುಗಿಯಿತು.

ಅಳೆಯುವ ಕ್ರಮ ಹೀಗೆ:

1. ಚಕ್ರಕ್ಕೆ ಅಡ್ಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಎಂಜಿನ್ ಆರಿಸಿ. ಗೇಜ್ 6ರ ಮೇಲೆ ಸ್ವಲ್ಪ ಇರಲಿ. 8ರಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ, ಪೆಡಲ್ ಒತ್ತಿ ಒತ್ತಿ ಇಳಿಸಿ.

2. ಪುಶ್‌ರಾಡ್ ಚೇಂಬರ್‌ನಿಂದ ಹೊರಬರುವ ಜಾಗದಲ್ಲಿ ರಾಡ್ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ.

3. ಇನ್ನೊಬ್ಬರು ಪೆಡಲ್ ಪೂರ್ತಿ ಒತ್ತಿ ಹಿಡಿಯಲಿ. ಚೇಂಬರ್ ಮುಖದಿಂದ ಗೆರೆವರೆಗೆ ಸ್ಕೇಲ್ ಇಟ್ಟು ಓದಿ. ಸ್ಕೇಲ್ ರಾಡ್‌ಗೆ ಸಮಾನಾಂತರವಾಗಿರಬೇಕು, ಓರೆ ಹಿಡಿದರೆ 3–4 ಮಿ.ಮೀ. ತಪ್ಪುತ್ತದೆ.

4. ಅದೇ ಹೊತ್ತಿನಲ್ಲಿ ರಾಡ್ ಮತ್ತು ಸ್ಲಾಕ್‌ನ ತೋಳಿನ ನಡುವಿನ ಕೋನ ನೋಡಿ. ಪೂರ್ತಿ ಒತ್ತಿದಾಗ ಸರಿಸುಮಾರು 90 ಡಿಗ್ರಿ ಆಗಬೇಕು. 90 ದಾಟಿ ಹೊರಕ್ಕೆ ವಾಲಿದರೆ ಬಲ ವ್ಯರ್ಥ.

5. ಎಲ್ಲ ಚಕ್ರದ ಅಂಕಿಯನ್ನೂ ಎಡ, ಬಲ ಎಂದು ಬರೆದುಕೊಳ್ಳಿ.

ಚೇಂಬರ್ ಸೈಜ್ ಅದರ ಮೇಲೆ ಅಚ್ಚಾಗಿರುತ್ತದೆ. ತುಕ್ಕಿನಲ್ಲಿ ಕಾಣದಿದ್ದರೆ ಕ್ಲ್ಯಾಂಪ್‌ನ ಹೊರವ್ಯಾಸ ಅಳೆಯಿರಿ. ಸುಮಾರು 172 ಮಿ.ಮೀ. ಇದ್ದರೆ 20ನೇ ಸೈಜು, 184 ಇದ್ದರೆ 24, 206 ಇದ್ದರೆ 30. ಮಾಮೂಲಿ ಸ್ಟ್ರೋಕ್‌ನ 20 ಮತ್ತು 24ಕ್ಕೆ ಮಿತಿ 44 ಮಿ.ಮೀ., 30ಕ್ಕೆ 51 ಮಿ.ಮೀ. ಮಿತಿ ಮುಟ್ಟುವವರೆಗೆ ಕಾಯುವುದೇನೂ ಬೇಡ. 30ನೇ ಸೈಜಿನಲ್ಲಿ 42–45 ಬಂದಾಗಲೇ ಎತ್ತಿಬಿಡಿ.

ಒಂದೇ ಆಕ್ಸಲ್‌ನ ಎಡಬಲಗಳ ನಡುವೆ 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ, ಎರಡೂ ಮಿತಿಯೊಳಗಿದ್ದರೂ ಬಿಡಬೇಡಿ. ಮುಂದಿನ ಆಕ್ಸಲ್‌ನಲ್ಲಿ ಅದು ಸ್ಟೇರಿಂಗ್ ಎಳೆತವಾಗಿ ಕಾಣುತ್ತದೆ. ಹಿಂದೆ ಕಾಣುವುದಿಲ್ಲ, ಮಳೆಯಲ್ಲಿ ಗಾಡಿಯ ಬಾಲ ತಿರುಗಿದಾಗ ಮಾತ್ರ ಕಾಣುತ್ತದೆ. ಎರಡೂ ಕಡೆ ಸ್ಲಾಕ್‌ನ ತೋಳು ಒಂದೇ ಉದ್ದದ್ದೇ, ಪಿನ್ ಒಂದೇ ತೂತಿನಲ್ಲಿದೆಯೇ ಎಂದೂ ನೋಡಿ. ಗುಜರಿಯಿಂದ ತಂದ ಸ್ಲಾಕ್ ಒಂದು ಕಡೆ ಹಾಕಿದ ಗಾಡಿಗಳಲ್ಲಿ ಈ ತೊಂದರೆ ಇದ್ದೇ ಇರುತ್ತದೆ.

ಸ್ಲಾಕ್ ಎತ್ತುವುದು

ಸ್ಪ್ರಿಂಗ್ ಬ್ರೇಕ್ (ಗಾಳಿ ಇಲ್ಲದಾಗ ಸ್ಪ್ರಿಂಗೇ ಬ್ರೇಕ್ ಹಿಡಿಯುವ ಏರ್ಪಾಟು) ಇರುವ ಗಾಡಿಯಾದರೆ ಗಾಳಿ ತುಂಬಿ ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೆಯೇ ಸ್ಲಾಕ್ ಮುಟ್ಟಬೇಕು. ಬ್ರೇಕ್ ಹಿಡಿದಿರುವಾಗಲೇ ಎತ್ತಿದವನಿಗೆ ಬೋಲ್ಟ್ ತಿರುಗದು, ‘ಟೈಟ್ ಆಗಿದೆ’ ಎಂದು ಬಿಟ್ಟುಬಿಡುತ್ತಾನೆ.

ಅಡ್ಜಸ್ಟರ್ ಬೋಲ್ಟ್ ತಲೆಯ ಸುತ್ತ ಮಣ್ಣು ಕೆರೆದು ತೆಗೆಯಿರಿ. ತಲೆಯ ಸುತ್ತ ಲಾಕ್ ಸ್ಲೀವ್ ಇರುತ್ತದೆ. ರಿಂಗ್ ಸ್ಪ್ಯಾನರ್‌ನಿಂದ ಅದನ್ನು ಒಳಕ್ಕೆ ಒತ್ತಿದರೆ ಮಾತ್ರ ಬೋಲ್ಟ್ ತಿರುಗುತ್ತದೆ. ಒತ್ತದೆ ಬಲ ಹಾಕಿದರೆ ತಲೆ ಸವೆಯುತ್ತದೆ.

ಯಾವ ಕಡೆ ತಿರುಗಿಸಬೇಕು? ಚಕ್ರದಿಂದ ಚಕ್ರಕ್ಕೆ ಬದಲಾಗುವುದರಿಂದ ಗಡಿಯಾರದ ದಿಕ್ಕು ನೆನಪಿಟ್ಟು ಉಪಯೋಗವಿಲ್ಲ, ಪುಶ್‌ರಾಡ್ ನೋಡಿ. ಲೈನಿಂಗ್ ಡ್ರಮ್‌ಗೆ ತಾಗುವ ಹೊತ್ತಿಗೆ ರಾಡ್ ಚೇಂಬರ್‌ನಿಂದ ಹೊರಕ್ಕೆ ಎಳೆದುಕೊಂಡು ಬಂದರೆ ನೀವು ತಿರುಗಿಸುತ್ತಿರುವುದು ಉಲ್ಟಾ. ಸರಿಯಾದ ದಿಕ್ಕಿನಲ್ಲಿ ರಾಡ್ ಹೊರಬರುವುದಿಲ್ಲ, ಬ್ರೇಕ್ ಹಿಡಿಯುವಾಗ ತಿರುಗುವ ದಿಕ್ಕಿನಲ್ಲೇ ಕ್ಯಾಮ್ ಶಾಫ್ಟ್ ತಿರುಗುತ್ತದೆ.

ಲೈನಿಂಗ್ ಡ್ರಮ್‌ಗೆ ಗಟ್ಟಿಯಾಗಿ ಕೂರುವವರೆಗೆ ತಿರುಗಿಸಿ. ಆಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತು ವಾಪಸು ಬಿಡಿ. ಸ್ಲೀವ್ ಹೊರಕ್ಕೆ ಬಂದು ಬೋಲ್ಟ್ ತಲೆಯ ಮೇಲೆ ಪೂರ್ತಿ ಕೂತಿರಬೇಕು. ಕೂರದಿದ್ದರೆ ಒಂದು ಚೂರು ಆಚೀಚೆ ತಿರುಗಿಸಿ ಕೂರಿಸಿ. ಇದನ್ನು ನೋಡದೆ ಎದ್ದರೆ ಗಾಡಿಯ ಅದುರಿಗೆ ಬೋಲ್ಟ್ ತಾನೇ ಸಡಿಲವಾಗುತ್ತದೆ, ಮಾಡಿದ ಕೆಲಸವೆಲ್ಲ ವಾರದೊಳಗೆ ಹೋಗುತ್ತದೆ.

ಈಗ ಸ್ಲಾಕ್‌ನ ತೋಳನ್ನು ಸಣ್ಣ ಸಬ್ಬಲ್‌ನಿಂದ ಮೀಟಿ. ಲೈನಿಂಗ್ ತಾಗುವವರೆಗೆ ರಾಡ್ 13ರಿಂದ 19 ಮಿ.ಮೀ. ಓಡಬೇಕು. ಕಡಿಮೆ ಇದ್ದರೆ ಬ್ರೇಕ್ ಉಜ್ಜುತ್ತದೆ, ಹೆಚ್ಚಿದ್ದರೆ ಇನ್ನೂ ಎತ್ತಬೇಕು. ಕೊನೆಗೆ ಗಾಳಿ ಒತ್ತಿ ಪೂರ್ತಿ ಸ್ಟ್ರೋಕ್ ಮತ್ತೆ ಅಳೆಯಿರಿ. ಕೈಯಲ್ಲಿ ಮೀಟಿದಾಗ 15 ಬಂದು, ಗಾಳಿಯಲ್ಲಿ 48 ಬಂದರೆ ಅಡ್ಜಸ್ಟ್‌ನಲ್ಲಿ ತಪ್ಪಿಲ್ಲ. ಕ್ಯಾಮ್ ಬುಶ್, ಕ್ಲೆವಿಸ್ ಪಿನ್, ಚೇಂಬರ್ ಬ್ರ್ಯಾಕೆಟ್ ಇವುಗಳಲ್ಲಿ ಯಾವುದೋ ಸವೆದಿದೆ, ಇಲ್ಲವೇ ಡ್ರಮ್ ಬಿರುಕು ಬಿಟ್ಟು ಬಾಯಿ ತೆರೆಯುತ್ತಿದೆ. ಕ್ಯಾಮ್ ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿ ನೋಡಿ. ಆಟ 0.75 ಮಿ.ಮೀ. ದಾಟಿದರೆ ಬುಶ್ ಬದಲಿಸಬೇಕು.

ಡ್ರಮ್ ಬಿಚ್ಚಿದಾಗ

ಲೈನಿಂಗ್ ನಡುಭಾಗದಲ್ಲಿ 6–7 ಮಿ.ಮೀ.ಗೆ ಬಂದರೆ, ಅಥವಾ ರಿವೆಟ್ ತಲೆಗೂ ಮೇಲ್ಮೈಗೂ 1.5 ಮಿ.ಮೀ. ಅಂತರ ಉಳಿದಿದ್ದರೆ ಬದಲಿಸಿ. ಅದಕ್ಕೂ ಮೀರಿ ಓಡಿಸಿದರೆ ರಿವೆಟ್ ಡ್ರಮ್‌ನಲ್ಲಿ ಗೆರೆ ಕೊರೆಯುತ್ತದೆ. ಇನ್ನೂ ಕೆಟ್ಟದ್ದು, ಕ್ಯಾಮ್‌ನ ತುದಿ ರೋಲರ್ ದಾಟಿ ಮಗುಚಿಕೊಳ್ಳುತ್ತದೆ. ಆಗ ಬ್ರೇಕ್ ಹಿಡಿದದ್ದು ಬಿಡುವುದಿಲ್ಲ, ಇಲ್ಲವೇ ಹಿಡಿಯುವುದೇ ಇಲ್ಲ.

ಹಿಂದಿನ ಚಕ್ರದಲ್ಲಿ ಆಕ್ಸಲ್ ಶಾಫ್ಟ್ ಎಳೆದು, ಬೇರಿಂಗ್ ನಟ್ ಬಿಚ್ಚಿ, ಹಬ್ ಸಮೇತ ಡ್ರಮ್ ತೆಗೆಯುವ ಮಾದರಿ ಹೆಚ್ಚು. ಅದಕ್ಕೂ ಮುಂಚೆ ಸ್ಲಾಕ್ ಪೂರ್ತಿ ಸಡಿಲಿಸಿ, ಇಲ್ಲದಿದ್ದರೆ ಡ್ರಮ್‌ನ ಅಂಚು ಶೂಗೆ ಸಿಕ್ಕಿಕೊಳ್ಳುತ್ತದೆ. ಸ್ಪ್ರಿಂಗ್ ಬ್ರೇಕ್ ಇರುವ ಚಕ್ರವಾದರೆ ಸ್ಪ್ರಿಂಗನ್ನು ಅದುಮಿ ಹಿಡಿಯುವ ಕೇಜ್ ಬೋಲ್ಟ್‌ನಿಂದ ಹಿಡಿಸಿಟ್ಟಿರಬೇಕು. ಕೆಲವು ಹಳೇ ಗಾಡಿಗಳಲ್ಲಿ ಎಡಬದಿಯ ವೀಲ್ ನಟ್‌ಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ, ಸ್ಟಡ್ ತುದಿಯ ಅಚ್ಚು ನೋಡದೆ ಪೈಪ್ ಹಾಕಿ ಎಳೆಯಬೇಡಿ.

ಡ್ರಮ್ ತೆಗೆದ ಕೂಡಲೇ ಏರ್ ಹೊಡೆದು ಧೂಳು ಹಾರಿಸುವುದು ನಮ್ಮ ಗ್ಯಾರೇಜ್‌ಗಳ ಚಟ. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ನೂಲು ಶ್ವಾಸಕೋಶಕ್ಕೆ ಸೇರಿದರೆ ಹೊರಗೆ ಬರುವುದಿಲ್ಲ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಕಟ್ಟಿಕೊಳ್ಳಿ.

ಡ್ರಮ್ ಮೇಲೆ ಕೂದಲಿನಂಥ ಸಣ್ಣ ಬಿಸಿ ಗೆರೆಗಳು ಹಳೇ ಗಾಡಿಯಲ್ಲಿ ಸಾಮಾನ್ಯ. ಗೆರೆ ಅಂಚಿನವರೆಗೆ ಓಡಿದ್ದರೆ ಅಥವಾ ಹೊರಮೈಯಲ್ಲೂ ಕಂಡರೆ ಆ ಡ್ರಮ್ ಗುಜರಿಗೆ. ನೀಲಿ ಕಲೆ ಅತಿ ಬಿಸಿಯಾದ ಗುರುತು. ಲೇತ್‌ಗೆ ಕೊಡುವುದಾದರೆ ಡ್ರಮ್ ಮೇಲೆ ಎರಕದಲ್ಲೇ ಬರೆದಿರುವ ಗರಿಷ್ಠ ವ್ಯಾಸ ಮೀರಬಾರದು. ಒಂದೇ ಆಕ್ಸಲ್‌ನ ಎರಡೂ ಡ್ರಮ್ ಒಂದೇ ಅಳತೆಗೆ ಬರಬೇಕು, ಲೈನಿಂಗ್ ಆ ಅಳತೆಗೆ ಹೊಂದುವ ಓವರ್‌ಸೈಜ್ ಆಗಿರಬೇಕು. ದೊಡ್ಡ ಡ್ರಮ್‌ಗೆ ಸ್ಟ್ಯಾಂಡರ್ಡ್ ಲೈನಿಂಗ್ ಹಾಕಿದರೆ ನಡುವೆ ಮಾತ್ರ ತಾಗುತ್ತದೆ, ಅಷ್ಟು ಜಾಗ ಸುಟ್ಟು ಗಾಜಿನ ಹಾಗೆ ನುಣುಪಾಗುತ್ತದೆ.

ಲೈನಿಂಗ್, ರಿವೆಟ್, ರಿಟರ್ನ್ ಸ್ಪ್ರಿಂಗ್, ವಾಲ್ವ್ ಕಿಟ್ ಎಲ್ಲ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಅಂಗಡಿಗಳಲ್ಲಿ ಸಿಗುತ್ತವೆ. ಅಲ್ಲಿ ಅಸಲಿಯ ಪಕ್ಕದಲ್ಲೇ ನಕಲಿಯೂ ಸಿಗುತ್ತದೆ. ಡಬ್ಬಿಯ ಬಣ್ಣ ನೋಡಿ ಕೊಳ್ಳಬೇಡಿ. ಲೈನಿಂಗ್‌ನ ಅಂಚಿನಲ್ಲಿ ಗ್ರೇಡ್, ಬ್ಯಾಚ್ ಅಚ್ಚು ಸ್ಪಷ್ಟವಾಗಿದೆಯೇ, ರಿವೆಟ್ ತೂತುಗಳ ಆಳ ಎಲ್ಲ ಕಡೆ ಒಂದೇ ಇದೆಯೇ ನೋಡಿ. ಒಂದು ಆಕ್ಸಲ್‌ಗೆ ಒಂದೇ ಕಂಪನಿ, ಒಂದೇ ಗ್ರೇಡ್. ಬಿಲ್ ಕೇಳಿ ಪಡೆಯಿರಿ.

ರಿವೆಟ್ ಹೊಡೆಯುವಾಗ ಶೂನ ಮೇಲ್ಮೈ ತುಕ್ಕಿಲ್ಲದೆ ಸಪಾಟಾಗಿರಬೇಕು. ನಡುವಿನಿಂದ ಶುರು ಮಾಡಿ ತುದಿಗಳ ಕಡೆಗೆ ಹೋಗಿ. ತುದಿಯಿಂದ ಶುರು ಮಾಡಿದರೆ ನಡುವೆ ಉಬ್ಬು ಉಳಿದು, ಲೋಡ್ ಬಿದ್ದಾಗ ಅಲ್ಲೇ ಬಿರುಕು ಬಿಡುತ್ತದೆ. ಮುಗಿದ ಮೇಲೆ ಶೂಗೂ ಲೈನಿಂಗ್‌ಗೂ ನಡುವೆ 0.1 ಮಿ.ಮೀ. ಫೀಲರ್ ತೂರಬಾರದು. ರಿಟರ್ನ್ ಸ್ಪ್ರಿಂಗ್ ಪ್ರತಿ ಸಲ ಹೊಸದು ಹಾಕಿ, ಬಿಸಿಗೆ ಸತ್ತ ಸ್ಪ್ರಿಂಗ್ ನೋಡಲು ಚೆನ್ನಾಗಿಯೇ ಇರುತ್ತದೆ.

ಗ್ರೀಸ್ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಆಂಕರ್ ಪಿನ್‌ಗೆ, ರೋಲರ್‌ನ ಎರಡು ತುದಿಯ ಪಿನ್‌ಗೆ ತೆಳುವಾಗಿ ಸವರಿ. ಕ್ಯಾಮ್ ತಾಗುವ ರೋಲರ್‌ನ ಮೈಗೆ ಗ್ರೀಸ್ ಬೇಡ. ಅಲ್ಲಿ ರೋಲರ್ ಉರುಳಬೇಕು, ಜಾರಿದರೆ ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ. ಕ್ಯಾಮ್ ಬುಶ್‌ನ ನಿಪ್ಪಲ್‌ಗೆ ಗ್ರೀಸ್ ಕೊಟ್ಟಾಗ ಹೆಚ್ಚಿನದು ಸ್ಲಾಕ್ ಕಡೆ ಹೊರಬರಬೇಕು. ಡ್ರಮ್ ಒಳಗೆ ಬಂದರೆ ಕ್ಯಾಮ್ ತಲೆಯ ಕಡೆಯ ಸೀಲ್ ಹೋಗಿದೆ ಅಥವಾ ಉಲ್ಟಾ ಕೂತಿದೆ. ಗ್ರೀಸ್ ಬಿದ್ದ ಲೈನಿಂಗನ್ನು ಪೆಟ್ರೋಲ್‌ನಲ್ಲಿ ತೊಳೆದು, ಸುಟ್ಟು ಮತ್ತೆ ಹಾಕುವುದು ದಂಡ. ಬಿಸಿಯಾದಾಗ ಒಳಗಿನಿಂದ ಮತ್ತೆ ಊರುತ್ತದೆ.

ಹಬ್ ಹೊರಗಿರುವಾಗಲೇ ಬೇರಿಂಗ್ ತೊಳೆದು ರೋಲರ್‌ಗಳನ್ನು ಬೆಳಕಿಗೆ ಹಿಡಿಯಿರಿ. ಗುಂಡಿ, ನೀಲಿ ಬಣ್ಣ, ಸಿಪ್ಪೆ ಕಂಡರೆ ಕಪ್ ಸಮೇತ ಬದಲಿಸಿ. ಗ್ರೀಸನ್ನು ಅಂಗೈಯಲ್ಲಿಟ್ಟು ರೋಲರ್‌ಗಳ ನಡುವೆ ತೂರುವಂತೆ ಒತ್ತಿ, ಮೇಲೆ ಬಳಿದರೆ ಸಾಲದು. ಹಬ್‌ನ ಹೊಟ್ಟೆ ತುಂಬಾ ಗ್ರೀಸ್ ತುಂಬಬೇಡಿ, ಬಿಸಿಗೆ ಹಿಗ್ಗಿ ಸೀಲ್ ತಳ್ಳಿಕೊಂಡು ಲೈನಿಂಗ್ ಮೇಲೆ ಬರುತ್ತದೆ. ಆಯಿಲ್ ಸೀಲ್ ಹೊಸದೇ ಇರಲಿ. ಬೇರಿಂಗ್ ನಟ್ ಬಿಗಿಸುವಾಗ ಹಬ್ ತಿರುಗಿಸುತ್ತಲೇ ಬಿಗಿಸಿ, ಗಟ್ಟಿಯಾದ ಮೇಲೆ ಸುತ್ತಿನ ಆರನೇ ಒಂದರಿಂದ ನಾಲ್ಕನೇ ಒಂದು ಭಾಗ ವಾಪಸು ಬಿಟ್ಟು ಲಾಕ್ ಮಾಡಿ. ಡಯಲ್ ಗೇಜ್ ಇದ್ದರೆ ಆಟ 0.03ರಿಂದ 0.12 ಮಿ.ಮೀ. ನಡುವೆ ಬರಬೇಕು.

ಹೊಸ ಲೈನಿಂಗ್ ಹಾಕಿದ ದಿನವೇ ಲೋಡ್ ಹಾಕಿ ಘಾಟಿಗೆ ಕಳಿಸಬೇಡಿ. ಖಾಲಿ ರಸ್ತೆಯಲ್ಲಿ 40ರಿಂದ 20 ಕಿ.ಮೀ. ವೇಗಕ್ಕೆ ಹಗುರವಾಗಿ ಹತ್ತು ಹದಿನೈದು ಸಲ ಇಳಿಸಿ, ನಡುನಡುವೆ ತಣಿಯಲು ಬಿಡಿ. 300 ಕಿ.ಮೀ. ಆಸುಪಾಸಿನಲ್ಲಿ ಸ್ಟ್ರೋಕ್ ಮತ್ತೆ ಅಳೆಯಲೇಬೇಕು. ಹೊಸ ಲೈನಿಂಗ್ ಕೂರುವಾಗ ಬೇಗ ಸವೆಯುತ್ತದೆ.

ಚೇಂಬರ್: ಮುಟ್ಟಬಹುದಾದದ್ದು, ಮುಟ್ಟಬಾರದ್ದು

ಮುಂದಿನ ಚಕ್ರದ ಸಾದಾ ಚೇಂಬರ್‌ನ ಡಯಾಫ್ರಮ್ ಬದಲಿಸುವುದು ಸುಲಭ. ಗಾಳಿ ಪೂರ್ತಿ ಖಾಲಿ ಮಾಡಿ, ಪುಶ್‌ರಾಡನ್ನು ಸ್ವಲ್ಪ ಹೊರಗೆ ಎಳೆದು ಲಾಕಿಂಗ್ ಪ್ಲೈಯರ್‌ನಿಂದ ಹಿಡಿಸಿ, ಕ್ಲ್ಯಾಂಪ್ ಬಿಚ್ಚಿ, ಹಳೆಯದು ತೆಗೆದು ಹೊಸದನ್ನು ಅಂಚು ಸಮನಾಗಿ ಕೂರಿಸಿ, ಕ್ಲ್ಯಾಂಪನ್ನು ಸುತ್ತಲೂ ತಟ್ಟುತ್ತಾ ಬಿಗಿಸಿ. ಸೋಪಿನ ನೀರಿನಲ್ಲಿ ಪರೀಕ್ಷಿಸಿ.

ಹಿಂದಿನ ಚಕ್ರದಲ್ಲಿ ಎರಡು ಅಂತಸ್ತಿನ ಚೇಂಬರ್ ಇದ್ದರೆ ಹಿಂದಿನ ಅರ್ಧದೊಳಗೆ ಸ್ಪ್ರಿಂಗ್ ಇದೆ, ಒಂದು ಟನ್ನಿನ ಆಸುಪಾಸಿನ ಬಲದಲ್ಲಿ ಅದುಮಿಟ್ಟದ್ದು. ಆ ಅರ್ಧದ ಕ್ಲ್ಯಾಂಪ್ ಬಿಚ್ಚಿದರೆ ಮುಚ್ಚಳ ಗುಂಡಿನ ವೇಗದಲ್ಲಿ ಹಾರುತ್ತದೆ. ರಸ್ತೆಬದಿ ಗ್ಯಾರೇಜ್‌ನಲ್ಲಿ ಅದನ್ನು ಬಿಚ್ಚುವ ಪ್ರಶ್ನೆಯೇ ಇಲ್ಲ, ಕೇಜ್ ಬೋಲ್ಟ್ ಹಾಕಿ ಸ್ಪ್ರಿಂಗ್ ಹಿಡಿಸಿ ಇಡೀ ಚೇಂಬರ್ ಬದಲಿಸಿ. ಕೇಜ್ ಬೋಲ್ಟ್ ತಿರುಗುವಾಗ ಕರಕರ ಸದ್ದು ಬಂದರೆ, ಸಿಕ್ಕಿಕೊಂಡರೆ ಒಳಗೆ ಸ್ಪ್ರಿಂಗ್ ಮುರಿದಿರಬಹುದು. ಮುಖವನ್ನು ಅದರ ನೇರಕ್ಕೆ ತರದೆ ಕೆಲಸ ನಿಲ್ಲಿಸಿ.

ತೊಂದರೆ ಕಂಡಾಗ ಎಲ್ಲಿ ನೋಡಬೇಕು

ಬ್ರೇಕ್ ಬಿಡಲು ತಡ ಮಾಡಿದರೆ ಒಂದೇ ಚಕ್ರವೋ ಇಡೀ ಆಕ್ಸಲೋ ನೋಡಿ. ಒಂದೇ ಚಕ್ರವಾದರೆ ರಿಟರ್ನ್ ಸ್ಪ್ರಿಂಗ್, ಒಣಗಿದ ಕ್ಯಾಮ್ ಬುಶ್, ಅತಿ ಬಿಗಿ ಸ್ಲಾಕ್, ಒಳಗೆ ಪದರ ಬಿಟ್ಟ ಹೋಸ್. ಕೊನೆಯದು ಹೊರಗೆ ಕಾಣುವುದಿಲ್ಲ, ಗಾಳಿ ಹೋಗಲು ಬಿಡುತ್ತದೆ, ಬರಲು ಬಿಡುವುದಿಲ್ಲ. ಇಡೀ ಆಕ್ಸಲ್ ಆದರೆ ರಿಲೇ ವಾಲ್ವ್ ಅಥವಾ ಕ್ವಿಕ್ ರಿಲೀಸ್ ವಾಲ್ವ್‌ನ ಗಾಳಿ ಬಿಡುವ ಬಾಯಿ ಮಣ್ಣಿನಿಂದ ಮುಚ್ಚಿರಬಹುದು. ಕ್ವಾರಿ, ಎಂ-ಸ್ಯಾಂಡ್ ಗಾಡಿಗಳಲ್ಲಿ ಇದು ಮೊದಲ ಶಂಕೆ.

ಒಂದು ಕಡೆಗೆ ಎಳೆದರೆ ಎಳೆಯುವ ಕಡೆಯ ಚಕ್ರಕ್ಕಿಂತ ಎಳೆಯದ ಕಡೆಯದನ್ನೇ ಮೊದಲು ಬಿಚ್ಚಿ. ಹೆಚ್ಚಿನ ಸಲ ತಪ್ಪು ಕೆಲಸ ಮಾಡದ ಚಕ್ರದ್ದು.

ಇದೇ ಲೆಕ್ಕ ಓಟದ ನಂತರದ ಪರೀಕ್ಷೆಗೂ ಅನ್ವಯಿಸುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಕೂಡಲೇ ಪ್ರತಿ ಡ್ರಮ್‌ನ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಎಲ್ಲರೂ ಬಿಸಿ ಡ್ರಮ್ ಹುಡುಕುತ್ತಾರೆ. ನೀವು ತಣ್ಣಗಿರುವುದನ್ನು ಹುಡುಕಿ. ಅದರ ಪಾಲಿನ ಭಾರವನ್ನು ಉಳಿದವು ಹೊತ್ತು ಬಿಸಿಯಾಗಿವೆ.

ಘಾಟಿ ದಾರಿಯ ಗಾಡಿಗೆ ಇಳಿಯುವ ಮುಂಚೆಯೇ ಈ ಸುತ್ತು ಆಗಬೇಕು. ಮಂಗಳೂರು ಕಡೆಗಾದರೆ ಸಕಲೇಶಪುರದಲ್ಲಿ, ಸೇಲಂ ಕಡೆಗಾದರೆ ತೊಪ್ಪೂರಿಗೆ ಮೊದಲು ಧರ್ಮಪುರಿಯ ಹತ್ತಿರ ನಿಲ್ಲಿಸಿ ಟ್ಯಾಂಕಿನ ನೀರು ಬಿಡಿ, ಗಾಳಿ 7.5ಕ್ಕೆ ತುಂಬಿಸಿ, ಸ್ಲಾಕ್‌ಗಳನ್ನು ಮೀಟಿ ನೋಡಿ. ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ಮುಚ್ಚಿ ಎಂಜಿನ್‌ನಿಂದಲೇ ವೇಗ ತಗ್ಗಿಸುವುದು) ಇದ್ದರೆ ಅದರ ಫ್ಲ್ಯಾಪ್ ಕಾರ್ಬನ್‌ನಿಂದ ಅಂಟಿಲ್ಲವೇ ನೋಡಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಡ್ರೈವರ್‌ಗೆ ಈ ಮೇಲಿನ ಯಾವ ಕೆಲಸವೂ ಸಾಲದು. ಎಂಜಿನ್‌ನ ಹಿಡಿತ ಹೋಗಿ ಭಾರವೆಲ್ಲ ಡ್ರಮ್ ಮೇಲೆ ಬೀಳುತ್ತದೆ, ಎಂಜಿನ್ ನಿಧಾನಕ್ಕೆ ತಿರುಗುವುದರಿಂದ ಕಂಪ್ರೆಸರ್ ಗಾಳಿಯನ್ನೂ ತುಂಬಿಕೊಡುವುದಿಲ್ಲ.

ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ವರ್ಷಕ್ಕೊಮ್ಮೆ. ಎಫ್‌ಸಿ ಹತ್ತಿರ ಬಂದಾಗ ಮಾತ್ರ ಬ್ರೇಕ್ ನೋಡುವ ಅಭ್ಯಾಸ ಇದ್ದರೆ ನಡುವಿನ ಹನ್ನೊಂದು ತಿಂಗಳು ಯಾರೂ ನೋಡುವುದಿಲ್ಲ. ಟ್ಯಾಂಕ್ ದಿನಾ, ಸ್ಟ್ರೋಕ್ ನಗರದೊಳಗಿನ ಓಟಕ್ಕೆ ವಾರಕ್ಕೊಮ್ಮೆ, ಘಾಟಿ ಗಾಡಿಗೆ ಪ್ರತಿ ಟ್ರಿಪ್‌ಗೂ. ಕ್ಯಾಬಿನ್‌ನಲ್ಲೊಂದು ನೋಟ್‌ಬುಕ್ ಇಟ್ಟು ದಿನಾಂಕ, ಕಿಲೋಮೀಟರ್, ಪ್ರತಿ ಚಕ್ರದ ಸ್ಟ್ರೋಕ್ ಬರೆಯಿರಿ. ಉಳಿದ ಚಕ್ರಗಳು ವಾರಕ್ಕೆ 2 ಮಿ.ಮೀ. ಏರುವಾಗ ಒಂದು ಮಾತ್ರ 6 ಏರಿದರೆ ಅದರ ಸ್ಲಾಕ್‌ನ ಲಾಕ್ ಸ್ಲೀವ್ ಕೂತಿಲ್ಲ, ಇಲ್ಲವೇ ಒಳಗಿನ ವರ್ಮ್ ಗೇರ್ ಸವೆದಿದೆ. ಸ್ಲೀವ್ ಸರಿಯಿದ್ದರೆ ಆ ಸ್ಲಾಕ್ ಬದಲಿಸಿ.